ಚಿಟ್ಟೆ ಸಾಕಣೆ: ಮೇವಿನ ಗಿಡದಿಂದ ಕೋಶದ ಪೆಟ್ಟಿಗೆಯವರೆಗೆ

ಚಿಟ್ಟೆ ಸಾಕಣೆ ಎಂದೊಡನೆ ಕಣ್ಣ ಮುಂದೆ ಬರುವುದು ಬಣ್ಣದ ರೆಕ್ಕೆಗಳೇ ಆದರೂ, ಈ ಕಸುಬಿನಲ್ಲಿ ಮನೆಯಿಂದ ಹೊರಟು ಹಣವಾಗಿ ಮರಳುವ ವಸ್ತು ಹೆಚ್ಚಿನ ಕಡೆ ಕೋಶ, ಅಂದರೆ ಪ್ಯೂಪಾ. ಹುಳು ಎಲೆ ತಿಂದು ಬೆಳೆದು, ಮೇವು ಬಿಟ್ಟು, ಒಂದು ಕಡ್ಡಿಗೆ ಅಂಟಿಕೊಂಡು ಕೋಶವಾದ ಮೇಲೆ ಅದನ್ನು ಹತ್ತಿಯಲ್ಲಿಟ್ಟು ದೂರದ ಚಿಟ್ಟೆ ಉದ್ಯಾನಗಳಿಗೆ ಕಳುಹಿಸುತ್ತಾರೆ. ಅಲ್ಲಿ ಬೆಚ್ಚಗಿನ ಗಾಜಿನ ಮನೆಯೊಳಗೆ ಚಿಟ್ಟೆ ಹೊರಬಂದು ಹಾರಾಡುತ್ತದೆ. ಹೆಚ್ಚಿನ ಚಿಟ್ಟೆಗಳ ಆಯುಷ್ಯ ಎರಡು ಮೂರು ವಾರಗಳಷ್ಟೇ ಆದ್ದರಿಂದ ಅಂಥ ಉದ್ಯಾನಗಳಿಗೆ ಹೊಸ ಕೋಶಗಳು ಮೇಲಿಂದ ಮೇಲೆ ಬೇಕಾಗುತ್ತವೆ, ಮತ್ತು ಈ ನಿರಂತರ ಬೇಡಿಕೆಯೇ ಹಳ್ಳಿಯ ಕುಟುಂಬವೊಂದಕ್ಕೆ ಈ ಕೆಲಸವನ್ನು ಜೀವನೋಪಾಯವಾಗಿಸುತ್ತದೆ.

ಕೆನ್ಯಾದ ಕರಾವಳಿಯಲ್ಲಿ ಅರಬುಕೊ-ಸೊಕೊಕೆ ಎಂಬ ಕಾಡಿದೆ. ಅದರ ಅಂಚಿನ ರೈತರಿಗಾಗಿ 1993ರಲ್ಲಿ ಗೆಡೆ ಎಂಬಲ್ಲಿ ‘ಕಿಪೆಪಿಯೊ’ ಯೋಜನೆ ಆರಂಭವಾಯಿತು. ಸ್ವಾಹಿಲಿ ಭಾಷೆಯಲ್ಲಿ ಆ ಮಾತಿನ ಅರ್ಥ ಚಿಟ್ಟೆ ಎಂದೇ. ಕಾಡನ್ನು ಕಡಿದು ಸಾಗುವಳಿಗೆ ಕೊಡಬೇಕೆಂದು ಕೇಳುತ್ತಿದ್ದ ಜನರ ನಡುವೆ, ಕಾಡು ಹಾಗೆಯೇ ನಿಂತಿದ್ದರೂ ಅದರಿಂದ ಆದಾಯವಿದೆ ಎಂಬುದನ್ನು ತೋರಿಸುವುದು ಅದರ ಉದ್ದೇಶವಾಗಿತ್ತು. ಅದಕ್ಕೂ ಮೊದಲು, 1978ರಲ್ಲಿ, ಪಪುವಾ ನ್ಯೂಗಿನಿಯ ಬುಲೊಲೊದಲ್ಲಿ ಸರ್ಕಾರವೇ ಕೀಟ ಸಾಕಣೆ ಮತ್ತು ವ್ಯಾಪಾರದ ಸಂಸ್ಥೆಯೊಂದನ್ನು ತೆರೆದು, ಹಳ್ಳಿಗರಿಂದ ಬರ್ಡ್‌ವಿಂಗ್ ಜಾತಿಯ ದೊಡ್ಡ ಚಿಟ್ಟೆಗಳನ್ನು ಕೊಳ್ಳತೊಡಗಿತ್ತು. 1980ರ ದಶಕದಲ್ಲಿ ಕೋಸ್ಟರಿಕಾದಲ್ಲಿ ಜೀವಂತ ಕೋಶಗಳ ರಫ್ತು ಬೆಳೆಯಿತು. ಮೂರು ಕಡೆಯ ಅನುಭವದಲ್ಲೂ ಒಂದು ಸಂಗತಿ ಸಮಾನವಾಗಿದೆ: ಎಲೆ ಸಾಕಷ್ಟಿದ್ದವರ ಮನೆಯಲ್ಲಿ ಹುಳು ಉಳಿಯಿತು, ಎಲೆಯನ್ನು ಕಡೆಗಣಿಸಿದವರ ಮನೆಯಲ್ಲಿ ಚಿಟ್ಟೆಗಳನ್ನಿಡುವ ಬಲೆಮನೆ ಎಷ್ಟು ಚೆನ್ನಾಗಿದ್ದರೂ ಉಪಯೋಗಕ್ಕೆ ಬರಲಿಲ್ಲ. ಈ ಲೇಖನದುದ್ದಕ್ಕೂ ನಾನು ಗಿಡಗಳ ಮಾತಿಗೆ ಮತ್ತೆ ಮತ್ತೆ ಮರಳುವುದು ಅದಕ್ಕಾಗಿಯೇ.

ಮೊದಲ ಹೆಜ್ಜೆ: ಅನುಮತಿ ಮತ್ತು ಕೊಳ್ಳುವವರು

ಬಲೆ ಕೊಳ್ಳುವ ಮೊದಲು ಎರಡು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆದುಕೊಳ್ಳಬೇಕು. ನೀವು ಸಾಕಬೇಕೆಂದಿರುವ ಚಿಟ್ಟೆಯನ್ನು ಹಿಡಿಯಲು, ಇಟ್ಟುಕೊಳ್ಳಲು ಮತ್ತು ಮಾರಲು ನಿಮ್ಮ ದೇಶದ ಕಾನೂನು ಬಿಡುತ್ತದೆಯೇ ಎಂಬುದು ಮೊದಲನೆಯದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳಲ್ಲಿ ಅನೇಕ ಚಿಟ್ಟೆಗಳ ಹೆಸರುಗಳಿವೆ, ಅಂಥವನ್ನು ಅನುಮತಿಯಿಲ್ಲದೆ ಹಿಡಿಯುವುದೂ ವ್ಯಾಪಾರ ಮಾಡುವುದೂ ಶಿಕ್ಷಾರ್ಹ ಅಪರಾಧ. ಅಂತರರಾಷ್ಟ್ರೀಯ ವ್ಯಾಪಾರಕ್ಕೆ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ದೇಶಗಳ ನಡುವಿನ ಒಪ್ಪಂದವೂ ಅನ್ವಯಿಸುತ್ತದೆ. ಪಪುವಾ ನ್ಯೂಗಿನಿಯ ಕ್ವೀನ್ ಅಲೆಕ್ಸಾಂಡ್ರಾ ಬರ್ಡ್‌ವಿಂಗ್ ಅದರ ಮೊದಲ ಅನುಬಂಧದಲ್ಲಿದ್ದು ವಾಣಿಜ್ಯ ವ್ಯಾಪಾರಕ್ಕೆ ಮುಕ್ತವಾಗಿಲ್ಲ. ಉಳಿದ ಬರ್ಡ್‌ವಿಂಗ್‌ಗಳು ಎರಡನೆಯ ಅನುಬಂಧದಲ್ಲಿದ್ದು ಅನುಮತಿ ಪತ್ರದೊಂದಿಗೆ ಮಾತ್ರ ಗಡಿ ದಾಟಬಲ್ಲವು. ಕೊಳ್ಳುವ ದೇಶದ ನಿಯಮಗಳು ಬೇರೆಯೇ ಇರುತ್ತವೆ. ಅಮೆರಿಕದ ಉದ್ಯಾನವೊಂದು ಹೊರದೇಶದ ಕೋಶ ತರಿಸಬೇಕಾದರೆ ಅಲ್ಲಿನ ಕೃಷಿ ಇಲಾಖೆಯಿಂದ ಪರವಾನಗಿ ಪಡೆದಿರಬೇಕು, ಏಕೆಂದರೆ ಎಲೆ ತಿನ್ನುವ ಹುಳುವನ್ನು ಅವರು ಬೆಳೆಗೆ ಪೀಡೆಯಾಗಬಲ್ಲ ಜೀವಿಯೆಂದೇ ಪರಿಗಣಿಸುತ್ತಾರೆ.

ಎರಡನೆಯ ಪ್ರಶ್ನೆ, ಯಾರು ಕೊಳ್ಳುತ್ತಾರೆ ಎಂಬುದು. ಒಂಟಿ ಕುಟುಂಬವೊಂದು ನೇರವಾಗಿ ವಿದೇಶಕ್ಕೆ ಕೋಶ ಕಳುಹಿಸುವುದು ಕಷ್ಟಸಾಧ್ಯ. ಪತ್ರವ್ಯವಹಾರ, ವಿಮಾನದ ಸರಕು, ವಾರಕ್ಕೊಮ್ಮೆ ಹಲವು ಜಾತಿಗಳ ಕೋಶಗಳನ್ನು ಒಂದೇ ಪೆಟ್ಟಿಗೆಯಲ್ಲಿ ಒದಗಿಸುವ ಹೊಣೆ, ಇವೆಲ್ಲಕ್ಕೂ ಒಂದು ಸಂಘ ಬೇಕು. ಹತ್ತಿಪ್ಪತ್ತು ಮನೆಗಳು ಸೇರಿದರೆ ಒಬ್ಬೊಬ್ಬರು ಎರಡೆರಡು ಜಾತಿ ಸಾಕಿದರೂ ಪೆಟ್ಟಿಗೆಯಲ್ಲಿ ಬೇಕಾದಷ್ಟು ವೈವಿಧ್ಯ ಕೂಡಿಬರುತ್ತದೆ. ಇನ್ನೊಂದು ದಾರಿ, ಕೋಶ ಕಳುಹಿಸುವ ಬದಲು ನೋಡುವವರನ್ನೇ ಹಳ್ಳಿಗೆ ಬರಮಾಡಿಕೊಳ್ಳುವುದು. ಜಾಂಜಿಬಾರ್‌ನಲ್ಲಿ ಜೊಜಾನಿ ಕಾಡಿನ ಬಳಿಯ ಪೀಟೆ ಎಂಬ ಹಳ್ಳಿಯಲ್ಲಿ ಅಂಥ ಚಿಟ್ಟೆ ಕೇಂದ್ರವಿದೆ. ಸುತ್ತಲಿನ ರೈತರು ಸಾಕಿದ ಕೋಶಗಳು ಅಲ್ಲಿಯೇ ಒಡೆದು, ಪ್ರವಾಸಿಗರು ಕೊಡುವ ಪ್ರವೇಶ ಶುಲ್ಕದಿಂದ ಕೇಂದ್ರ ನಡೆಯುತ್ತದೆ. ಕೊಳ್ಳುವವರು ಯಾವ ಜಾತಿ, ವಾರಕ್ಕೆ ಎಷ್ಟು, ಯಾವ ತಿಂಗಳುಗಳಲ್ಲಿ ಕೇಳುತ್ತಾರೆ ಎಂಬುದು ಸ್ಪಷ್ಟವಾಗದೆ ಗಿಡ ನೆಡಬೇಡಿ. ಚಳಿ ದೇಶಗಳ ಅನೇಕ ಉದ್ಯಾನಗಳಲ್ಲಿ ವಸಂತದಿಂದ ಬೇಸಿಗೆ ಮುಗಿಯುವವರೆಗೆ ಜನ ಹೆಚ್ಚು, ಬೇಡಿಕೆಯೂ ಆಗಲೇ ಹೆಚ್ಚು.

ಎರಡನೆಯ ಹೆಜ್ಜೆ: ಜಾತಿಯ ಆಯ್ಕೆ

ಚಿಟ್ಟೆಯ ಹುಳು ಸಿಕ್ಕಿದ ಎಲೆಯನ್ನೆಲ್ಲ ತಿನ್ನುವುದಿಲ್ಲ. ನಿಂಬೆ ಚಿಟ್ಟೆಯ ಹುಳುವಿಗೆ ನಿಂಬೆಯ ಜಾತಿಯ ಗಿಡಗಳೇ ಬೇಕು, ಟೈಲ್ಡ್ ಜೇ ಚಿಟ್ಟೆಗೆ ಸೀತಾಫಲದ ಕುಟುಂಬದ ಗಿಡಗಳು, ಪ್ಲೇನ್ ಟೈಗರ್ ಚಿಟ್ಟೆಗೆ ಎಕ್ಕ, ಬರ್ಡ್‌ವಿಂಗ್‌ಗಳಿಗೆ ಈಶ್ವರಿ ಬಳ್ಳಿಯ ಜಾತಿ, ಅಮೆರಿಕ ಖಂಡದ ಹೆಲಿಕೋನಿಯಸ್ ಚಿಟ್ಟೆಗಳಿಗೆ ಪ್ಯಾಶನ್ ಹಣ್ಣಿನ ಬಳ್ಳಿಗಳು, ಗೂಬೆಗಣ್ಣಿನ ಗುರುತಿರುವ ಕ್ಯಾಲಿಗೊ ಚಿಟ್ಟೆಗೆ ಬಾಳೆ. ಈ ನಿಷ್ಠೆ ಎಷ್ಟು ಗಟ್ಟಿಯೆಂದರೆ, ಮೇವಿನ ಗಿಡ ಸಿಗದ ಮರಿ ಪಕ್ಕದಲ್ಲಿರುವ ಬೇರೆ ಎಲೆಯನ್ನು ಮುಟ್ಟದೆ ಹಸಿವಿನಿಂದ ಸಾಯುತ್ತದೆ.

ಆದ್ದರಿಂದ ಜಾತಿಯನ್ನು ಆರಿಸುವಾಗ ರೆಕ್ಕೆಯ ಚೆಲುವನ್ನು ನೋಡುವುದಕ್ಕಿಂತ ಮೊದಲು, ಅದರ ಮೇವಿನ ಗಿಡ ನಿಮ್ಮ ಮಣ್ಣಿನಲ್ಲಿ ತಾನಾಗಿ ಬೆಳೆಯುತ್ತದೆಯೇ, ಕತ್ತರಿಸಿದಷ್ಟೂ ಚಿಗುರುತ್ತದೆಯೇ, ಬೇಸಿಗೆಯಲ್ಲಿ ಎಲೆ ಉಳಿಸಿಕೊಳ್ಳುತ್ತದೆಯೇ ಎಂದು ನೋಡಿ. ನಿಮ್ಮ ಸುತ್ತಮುತ್ತ ಸ್ವಾಭಾವಿಕವಾಗಿ ಇರುವ ಜಾತಿಗಳನ್ನಷ್ಟೇ ಸಾಕಿ. ಹೊರಗಿನ ಜಾತಿಯನ್ನು ತಂದು ಸಾಕಿ ಅದು ಬಲೆಯಿಂದ ತಪ್ಪಿಸಿಕೊಂಡರೆ ಅದರ ಜೊತೆ ಬಂದ ರೋಗವೂ ಹೊರಗೆ ಹೋಗುತ್ತದೆ, ಅದನ್ನು ಮರಳಿ ಹಿಡಿಯುವ ಉಪಾಯವಿಲ್ಲ. ಮೊದಲ ವರ್ಷ ಎರಡು ಜಾತಿ ಸಾಕು.

ಮೂರನೆಯ ಹೆಜ್ಜೆ: ಮೇವಿನ ತೋಟ

ಗಿಡ ನೆಟ್ಟು ಹುಳು ಬಿಡುವ ನಡುವೆ ಬಳ್ಳಿಗಳಾದರೆ ಕೆಲವು ತಿಂಗಳು, ಮರವಾಗುವ ಗಿಡಗಳಾದರೆ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇಕು. ಈ ಕಾಯುವಿಕೆಯನ್ನು ಸಹಿಸದೆ, ಹತ್ತು ಕುಂಡಗಳ ಬಲದ ಮೇಲೆ ನೂರು ಮೊಟ್ಟೆ ಇಡಿಸಿಕೊಂಡವರ ಪಾಡು ಯಾವಾಗಲೂ ಒಂದೇ ಬಗೆ. ಮೊದಲ ಹತ್ತು ದಿನ ಎಲೆ ಧಾರಾಳವಾಗಿ ಕಾಣುತ್ತದೆ, ಏಕೆಂದರೆ ಸಣ್ಣ ಹುಳು ಎಲೆಯ ಅಂಚನ್ನಷ್ಟೇ ಕೆರೆಯುತ್ತದೆ. ತನ್ನ ಇಡೀ ಬಾಳಿನಲ್ಲಿ ತಿನ್ನುವ ಮೇವಿನ ಮುಕ್ಕಾಲಕ್ಕಿಂತ ಹೆಚ್ಚು ಪಾಲನ್ನು ಹುಳು ಕೊನೆಯ ಹಂತದ ಕೆಲವೇ ದಿನಗಳಲ್ಲಿ ತಿಂದು ಮುಗಿಸುತ್ತದೆ. ಆ ವಾರ ಬಂದಾಗ ಬೆಳಿಗ್ಗೆ ತುಂಬಿದ್ದ ಕೊಂಬೆ ಸಂಜೆಗೆ ಬರಿಯ ನಾರಾಗಿರುತ್ತದೆ, ಮನೆಯವರು ಎಲೆ ಹುಡುಕಿ ಊರೆಲ್ಲ ಅಲೆಯುತ್ತಾರೆ, ಕೊನೆಗೆ ಎಲ್ಲಿಂದಲೋ ಔಷಧಿ ಸಿಂಪಡಿಸಿದ ಎಲೆ ತಂದು ಹಾಕಿ ಎಲ್ಲ ಹುಳುಗಳನ್ನೂ ಒಂದೇ ರಾತ್ರಿಯಲ್ಲಿ ಕಳೆದುಕೊಳ್ಳುತ್ತಾರೆ.

ಎಷ್ಟು ಗಿಡ ಬೇಕೆಂಬುದನ್ನು ಯಾರೂ ಹೊರಗಿನಿಂದ ಹೇಳಲಾರರು, ನೀವೇ ಅಳೆಯಬೇಕು. ಹತ್ತು ಹುಳುಗಳನ್ನು ಮೊಟ್ಟೆಯಿಂದ ಕೋಶದವರೆಗೆ ಬೇರೆಯಾಗಿ ಸಾಕಿ, ಪ್ರತಿದಿನ ಕೊಟ್ಟ ಎಲೆಯನ್ನು ತೂಗಿ ಬರೆದಿಡಿ, ಉಳಿದು ಬಾಡಿದ್ದನ್ನೂ ತೂಗಿ ಕಳೆಯಿರಿ. ಒಂದು ಹುಳುವಿಗೆ ಎಷ್ಟು ಎಲೆ ಎಂಬ ಲೆಕ್ಕ ಹೀಗೆ ಕೈಗೆ ಬರುತ್ತದೆ. ಒಂದು ಗಿಡ ತಾನು ಸೊರಗದೆ ತಿಂಗಳಿಗೆ ಎಷ್ಟು ಎಲೆ ಕೊಡುತ್ತದೆ ಎಂಬುದನ್ನೂ ಹಾಗೆಯೇ ಅಳೆದು, ತಿಂಗಳಿಗೆ ಸಾಕುವ ಎಲ್ಲ ಹುಳುಗಳಿಗೆ ಬೇಕಾದ ಎಲೆಯನ್ನು ಒಂದು ಗಿಡ ಕೊಡುವ ಎಲೆಯಿಂದ ಭಾಗಿಸಿ, ಬಂದ ಸಂಖ್ಯೆಯ ಒಂದೂವರೆ ಪಟ್ಟು ಗಿಡ ನೆಡಿ. ಗಿಡಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿನಿಂದ ಎಲೆ ಕೊಯ್ಯುವಾಗ ಇನ್ನೆರಡು ಚಿಗುರುತ್ತಿರುವಂತೆ ಸರದಿ ಇಟ್ಟುಕೊಂಡರೆ ವರ್ಷದ ಹೆಚ್ಚಿನ ಕಾಲ ಎಳೆ ಎಲೆಯೂ ಬಲಿತ ಎಲೆಯೂ ಸಿಗುತ್ತವೆ. ಎರಡೂ ಬೇಕು: ಮೊಟ್ಟೆಯೊಡೆದ ಮರಿಗೆ ಬಲಿತ ಎಲೆಯನ್ನು ಕಚ್ಚಲಾಗದು, ದೊಡ್ಡ ಹುಳುವಿಗೆ ನೀರು ತುಂಬಿದ ಎಳೆ ಚಿಗುರನ್ನಷ್ಟೇ ಹಾಕಿದರೆ ಭೇದಿಯಾಗುತ್ತದೆ.

ನರ್ಸರಿಯಿಂದ ತಂದ ಗಿಡವನ್ನು ನೇರವಾಗಿ ಹುಳುಗಳಿಗೆ ಕೊಡಬೇಡಿ. ಬೇರಿನಿಂದ ಹೀರಿಕೊಂಡು ಎಲೆಯವರೆಗೆ ಹರಡುವ ಕೀಟನಾಶಕಗಳು ಗಿಡದೊಳಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತವೆ. ಎಲೆ ತೊಳೆದರೆ ಅವು ಹೋಗುವುದಿಲ್ಲ. ಅಂಥ ಗಿಡವನ್ನು ನೆಲಕ್ಕೆ ಹಾಕಿ, ಹೊಸ ಚಿಗುರು ಬಂದು ಬಲಿತ ಮೇಲೆ ಐದಾರು ಹುಳುಗಳನ್ನು ಎರಡು ದಿನ ಮೇಯಿಸಿ ನೋಡಿ. ಬೇವಿನೆಣ್ಣೆ, ಬಿ.ಟಿ. ಎಂಬ ಬ್ಯಾಕ್ಟೀರಿಯಾದ ಪುಡಿ ಮುಂತಾದ ಸಾವಯವ ಔಷಧಿಗಳನ್ನೂ ಈ ತೋಟದ ಹತ್ತಿರ ತರುವಂತಿಲ್ಲ. ಬಿ.ಟಿ. ಇರುವುದೇ ಇಂಥ ಹುಳುಗಳನ್ನು ಕೊಲ್ಲಲು. ಪಕ್ಕದ ಹೊಲದವರು ಸಿಂಪಡಿಸುವ ದಿನವನ್ನು ಮುಂಚಿತವಾಗಿ ತಿಳಿಸುವಂತೆ ಅವರೊಂದಿಗೆ ಮಾತನಾಡಿಕೊಳ್ಳುವುದು, ನನ್ನ ದೃಷ್ಟಿಯಲ್ಲಿ, ಬಲೆ ಕೊಳ್ಳುವುದಕ್ಕಿಂತ ಮುಖ್ಯವಾದ ಕೆಲಸ.

ಮೇವಿನ ಗಿಡಗಳ ಜೊತೆಗೆ ಮಕರಂದದ ಗಿಡಗಳೂ ಬೇಕು. ಕೇಪಳ, ದಾಸವಾಳ, ರತ್ನಗಂಧಿ, ಪೆಂಟಾಸ್, ಝೀನಿಯಾ ಇವು ಸುಲಭವಾಗಿ ಬೆಳೆಯುತ್ತವೆ. ಲಂಟಾನದ ಹೂವಿಗೆ ಚಿಟ್ಟೆಗಳು ಮುಗಿಬೀಳುವುದು ನಿಜ, ಆದರೆ ಅದು ಹಕ್ಕಿಗಳ ಮೂಲಕ ಕಾಡಿಗೆ ಹರಡಿ ಸ್ಥಳೀಯ ಗಿಡಗಳನ್ನು ಮುಚ್ಚಿಹಾಕುವ ಕಳೆಯಾದ್ದರಿಂದ ಕಾಡನ್ನು ನಂಬಿ ಬದುಕುವ ಈ ಕಸುಬಿನವರು ಅದನ್ನು ನೆಡಬಾರದು.

ನಾಲ್ಕನೆಯ ಹೆಜ್ಜೆ: ಬಲೆಮನೆ ಮತ್ತು ತಾಯಿ ಚಿಟ್ಟೆಗಳು

ಆರಂಭಕ್ಕೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಎಂಟು ಅಡಿ ಎತ್ತರದ ಬಲೆಮನೆ ಸಾಕು. ಕಂಬಗಳಿಗೆ ಮರ ಅಥವಾ ಬಿದಿರು, ಮೈಗೆ ಸೊಳ್ಳೆ ಪರದೆಯಂಥ ನಯವಾದ ಬಲೆ, ಒಳಗೆ ಹೋಗಲು ಒಂದರ ಹಿಂದೊಂದು ಎರಡು ಬಾಗಿಲು. ಬಲೆ ಬಿಗಿಯಾಗಿರಬೇಕು, ಸಡಿಲವಿದ್ದರೆ ಅದರ ಮಡಿಕೆಗಳಲ್ಲಿ ಚಿಟ್ಟೆ ಸಿಕ್ಕಿಕೊಂಡು ರೆಕ್ಕೆ ಹರಿದುಕೊಳ್ಳುತ್ತದೆ. ಅರ್ಧ ಭಾಗಕ್ಕೆ ನೆರಳು, ಅರ್ಧಕ್ಕೆ ಬೆಳಗಿನ ಬಿಸಿಲು ಬೀಳುವಂತೆ ದಿಕ್ಕು ನೋಡಿ ಕಟ್ಟಿ. ಹೆಚ್ಚಿನ ಚಿಟ್ಟೆಗಳಿಗೆ ಹಾರಲು ಮೈ ಬೆಚ್ಚಗಾಗಬೇಕು. ಮೋಡ ಕವಿದ ದಿನ ಅವು ಮೊಟ್ಟೆಯನ್ನೂ ಸರಿಯಾಗಿ ಇಡುವುದಿಲ್ಲ.

ತಾಯಿ ಚಿಟ್ಟೆಗಳನ್ನು ಕಾಡಿನ ಅಂಚಿನಿಂದ ಹಿಡಿದು ತರುವುದು ಕಿಪೆಪಿಯೊ ರೈತರು ಅನುಸರಿಸುವ ಕ್ರಮ. ಬಯಲಲ್ಲಿ ಹಾರುತ್ತಿರುವ ಹೆಣ್ಣು ಸಾಮಾನ್ಯವಾಗಿ ಆಗಲೇ ಗಂಡಿನೊಂದಿಗೆ ಕೂಡಿರುತ್ತದೆ, ಆದ್ದರಿಂದ ಒಂದು ಹೆಣ್ಣಿನಿಂದಲೇ ಹತ್ತಾರು ಮೊಟ್ಟೆ ದೊರೆಯುತ್ತವೆ. ಹಿಡಿದದ್ದು ಕೆಲವೇ ಇರಲಿ, ಮೊಟ್ಟೆ ಪಡೆದ ಮೇಲೆ ಹಿಡಿದ ಜಾಗದಲ್ಲಿಯೇ ಅವನ್ನು ಬಿಟ್ಟುಬಿಡಿ. ಬಲೆಮನೆಯೊಳಗೆ ಹುಟ್ಟಿದ ಚಿಟ್ಟೆಗಳಿಂದಲೇ ತಲೆಮಾರಿನ ಮೇಲೆ ತಲೆಮಾರು ಬೆಳೆಸಿದರೆ ಒಳಸಂಬಂಧದಿಂದಾಗಿ ಮೊಟ್ಟೆ ಜೊಳ್ಳಾಗುವುದು, ಹುಳು ಸಣ್ಣಗಾಗುವುದು ಕಾಣತೊಡಗುತ್ತದೆ. ಮೂರು ನಾಲ್ಕು ತಲೆಮಾರಿಗೊಮ್ಮೆ ಹೊರಗಿನ ಹೊಸ ಹೆಣ್ಣು ಬಂದರೆ ತಳಿ ಬಲವಾಗಿ ಉಳಿಯುತ್ತದೆ. ಕಾಡು ಕಳೆದುಹೋದ ಊರಿನಲ್ಲಿ ಈ ಕಸುಬು ಹೆಚ್ಚು ದಿನ ನಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಮಕರಂದ ಸಾಲದ ದಿನಗಳಲ್ಲಿ ಒಂದು ಪಾಲು ಸಕ್ಕರೆಗೆ ಒಂಬತ್ತು ಪಾಲು ನೀರು ಬೆರೆಸಿ, ತಟ್ಟೆಯಲ್ಲಿ ಬಣ್ಣದ ಸ್ಪಂಜನ್ನಿಟ್ಟು ಕೊಡಬಹುದು. ದಿನವೂ ತೊಳೆದು ಬದಲಿಸದಿದ್ದರೆ ಅದು ಹುಳಿಯುತ್ತದೆ. ಕ್ಯಾರಕ್ಸಿಸ್, ನೀಲಿ ಮಾರ್ಫೊದಂಥ ಚಿಟ್ಟೆಗಳು ಹೂವಿನತ್ತ ಹೋಗುವುದೇ ಅಪರೂಪ, ಅವಕ್ಕೆ ಕಳಿತು ಕಪ್ಪಾದ ಬಾಳೆಹಣ್ಣು, ಮಾವಿನ ಹಣ್ಣು ಇಟ್ಟರೆ ಸಾಕು.

ಮೊಟ್ಟೆ ಇಡುವ ಹೆಣ್ಣನ್ನು ಒಮ್ಮೆ ನಿಂತು ನೋಡಿ. ಅದು ಎಲೆಯ ಮೇಲೆ ಕ್ಷಣಕಾಲ ಇಳಿದು, ಮುಂಗಾಲುಗಳಿಂದ ಎಲೆಯನ್ನು ಡೋಲು ಬಡಿದಂತೆ ಬಡಿಯುತ್ತದೆ. ಆ ಕಾಲುಗಳಲ್ಲಿಯೇ ಅದಕ್ಕೆ ರುಚಿ ತಿಳಿಯುವುದು. ಎಲೆ ಸರಿಯೆನಿಸಿದರೆ ಹೊಟ್ಟೆಯ ತುದಿಯನ್ನು ಬಾಗಿಸಿ, ಚಿಗುರಿನ ಅಡಿಗೆ ಸಾಸಿವೆಗಿಂತ ಸಣ್ಣ ಮೊಟ್ಟೆಯೊಂದನ್ನು ಅಂಟಿಸಿ ಹಾರುತ್ತದೆ. ಸರಿಯೆನಿಸದಿದ್ದರೆ ಇನ್ನೊಂದು ಎಲೆಗೆ ಹೋಗಿ ಮತ್ತೆ ಬಡಿಯುತ್ತದೆ. ಸೊರಗಿದ, ಧೂಳು ಹಿಡಿದ ಗಿಡವನ್ನು ಬಲೆಮನೆಯಲ್ಲಿಟ್ಟರೆ ಹೆಣ್ಣು ದಿನವಿಡೀ ಬಡಿದು ಬಡಿದು ಮೊಟ್ಟೆ ಇಡದೆ ಬಿಡುವುದನ್ನು ನೋಡಿದ ಮೇಲೆ ಗಿಡದ ಆರೈಕೆಯ ಬಗ್ಗೆ ಯಾರಿಗೂ ಬೇರೆ ಪಾಠ ಬೇಕಾಗುವುದಿಲ್ಲ.

ಐದನೆಯ ಹೆಜ್ಜೆ: ಮೊಟ್ಟೆಯಿಂದ ಕೋಶದವರೆಗೆ

ಪ್ರತಿದಿನ ಸಂಜೆ ಮೊಟ್ಟೆ ಇರುವ ಎಲೆಗಳನ್ನು ಚಿವುಟಿ, ಕಾಗದ ಹಾಸಿದ ಮುಚ್ಚಳದ ಡಬ್ಬಿಯಲ್ಲಿಟ್ಟು, ಜಾತಿ ಮತ್ತು ದಿನಾಂಕ ಬರೆದ ಚೀಟಿ ಅಂಟಿಸಿ. ಮರುದಿನಕ್ಕೆಂದು ಬಿಟ್ಟರೆ ಇರುವೆಯೋ, ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುವ ಸಣ್ಣ ಕಣಜವೋ ನಿಮಗಿಂತ ಮೊದಲು ಬಂದಿರುತ್ತದೆ. ಉಷ್ಣ ಪ್ರದೇಶದ ಹೆಚ್ಚಿನ ಜಾತಿಗಳಲ್ಲಿ ಮೂರರಿಂದ ಏಳು ದಿನಗಳಲ್ಲಿ ಮೊಟ್ಟೆ ಕಪ್ಪಾಗಿ ಒಡೆಯುತ್ತದೆ. ಮರಿ ಮೊದಲು ತನ್ನ ಮೊಟ್ಟೆಯ ಸಿಪ್ಪೆಯನ್ನೇ ತಿನ್ನುವುದುಂಟು, ಅದನ್ನು ತಿನ್ನಲು ಬಿಡಿ. ಮರಿಯನ್ನು ಬೆರಳಿನಿಂದ ಎತ್ತಬೇಡಿ. ಮೆತ್ತನೆಯ ಬಣ್ಣದ ಕುಂಚದ ತುದಿಗೆ ಅದು ತಾನಾಗಿ ಹತ್ತಿಕೊಳ್ಳುತ್ತದೆ.

ಮರಿಗಳನ್ನು ಬೆಳೆಸಲು ಎರಡು ಕ್ರಮಗಳಿವೆ. ಒಂದು, ಡಬ್ಬಿ ಅಥವಾ ತಟ್ಟೆಯಲ್ಲಿ ಕೊಯ್ದ ಎಲೆ ಹಾಕುವುದು. ಇನ್ನೊಂದು, ತೋಟದ ಗಿಡದ ಕೊಂಬೆಗೆ ತೆಳು ಬಟ್ಟೆಯ ಚೀಲವನ್ನು ತೋಳಿನಂತೆ ತೊಡಿಸಿ, ಎರಡೂ ತುದಿ ಕಟ್ಟಿ, ಒಳಗೆ ಹುಳು ಬಿಡುವುದು. ಮೊದಲ ಎರಡು ಹಂತಗಳಿಗೆ, ಅಂದರೆ ಹುಳು ಎರಡನೆಯ ಬಾರಿ ಪೊರೆ ಬಿಡುವವರೆಗೆ, ಡಬ್ಬಿ, ಆಮೇಲೆ ಬಟ್ಟೆಯ ತೋಳು, ಇದು ನಾನು ಸೂಚಿಸುವ ಮಿಶ್ರ ಕ್ರಮ. ಸಣ್ಣ ಮರಿಗಳ ಮೇಲೆ ಹತ್ತಿರದಿಂದ ಕಣ್ಣಿಡಬಹುದು, ದೊಡ್ಡವಾದ ಮೇಲೆ ಎಲೆ ಕೊಯ್ಯುವ ಶ್ರಮವೂ ಎಲೆ ಬಾಡುವ ನಷ್ಟವೂ ತಪ್ಪುತ್ತವೆ. ಡಬ್ಬಿಯಲ್ಲಿ ಸಾಕುವಾಗ ಒದ್ದೆ ಎಲೆ ಹಾಕಬಾರದು, ಹಿಕ್ಕೆಯನ್ನು ದಿನಕ್ಕೊಮ್ಮೆ, ಕೊನೆಯ ಹಂತದಲ್ಲಿ ಎರಡು ಬಾರಿ ತೆಗೆಯಬೇಕು. ಆ ಹಿಕ್ಕೆಯನ್ನು ಮೇವಿನ ಗಿಡದ ಬುಡಕ್ಕೆ ಹಾಕಬೇಡಿ, ರೋಗವಿದ್ದರೆ ಅದೇ ದಾರಿಯಲ್ಲಿ ಮರಳಿ ಬರುತ್ತದೆ. ತರಕಾರಿ ಪಾತಿಗೆ ಅದು ಒಳ್ಳೆಯ ಗೊಬ್ಬರ.

ಹುಳು ನಾಲ್ಕು ಬಾರಿ ಪೊರೆ ಬಿಡುತ್ತದೆ, ಕೆಲವು ಜಾತಿಗಳಲ್ಲಿ ಈ ಸಂಖ್ಯೆ ಬೇರೆ. ರೇಷ್ಮೆ ಸಾಕುವವರು ಇದನ್ನೇ ‘ಜ್ವರ’ ಎನ್ನುವುದು. ಜ್ವರಕ್ಕೆ ಕೂತ ಹುಳು ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಇರುತ್ತದೆ, ಹೊಸಬರು ಅದನ್ನು ಕಾಯಿಲೆಯೆಂದು ತಿಳಿದು ಎತ್ತಿ ಬೇರೆಡೆ ಇಡುತ್ತಾರೆ. ಹಾಗೆ ಮಾಡಬಾರದು. ಪೊರೆ ಕಳಚಲು ಅದು ಎಲೆಯ ಮೇಲೆ ನೂಲು ಹಾಸಿ ಕಾಲು ಸಿಕ್ಕಿಸಿಕೊಂಡಿರುತ್ತದೆ, ಕಿತ್ತರೆ ಹಳೆಯ ಪೊರೆ ಮೈಗೇ ಅಂಟಿ ಹುಳು ಸಾಯುತ್ತದೆ. ಒತ್ತೊತ್ತಾಗಿ ಸಾಕಬೇಡಿ. ಬರ್ಡ್‌ವಿಂಗ್ ಹುಳುಗಳು ಎಲೆ ಸಾಲದಾದಾಗ ಒಂದನ್ನೊಂದು ತಿನ್ನುತ್ತವೆ, ಜ್ವರಕ್ಕೆ ಕೂತವೂ ಹೊಸ ಕೋಶಗಳೂ ಅವಕ್ಕೆ ಸುಲಭವಾಗಿ ಬಲಿಯಾಗುತ್ತವೆ.

ಎರಡರಿಂದ ನಾಲ್ಕು ವಾರಗಳ ಬಳಿಕ ಬೆಳೆದ ಹುಳು ಮೇವು ಬಿಡುತ್ತದೆ, ಹೊಟ್ಟೆಯಲ್ಲಿದ್ದುದನ್ನು ನೀರಾಗಿ ಹೊರಹಾಕುತ್ತದೆ, ಮೈ ಸ್ವಲ್ಪ ಕುಗ್ಗುತ್ತದೆ, ಆಮೇಲೆ ಜಾಗ ಹುಡುಕಿ ಗಂಟೆಗಟ್ಟಲೆ ಅಲೆಯುತ್ತದೆ. ಭೇದಿಯೆಂದು ಗಾಬರಿಯಾಗಬೇಕಿಲ್ಲ. ಈ ಹೊತ್ತಿಗೆ ಒರಟು ಕಡ್ಡಿಗಳನ್ನು ಓರೆಯಾಗಿ ನಿಲ್ಲಿಸಿಕೊಡಿ. ನಿಂಬೆ ಚಿಟ್ಟೆಯಂಥವು ಕಡ್ಡಿಗೆ ನೂಲಿನ ಒಂದು ಗದ್ದುಗೆ ನೇಯ್ದು ಬಾಲದ ತುದಿಯನ್ನು ಅದರಲ್ಲಿ ಸಿಕ್ಕಿಸಿ, ನಡುವಿಗೆ ಒಂದು ನೂಲಿನ ಉಡಿದಾರ ಕಟ್ಟಿಕೊಂಡು ತಲೆ ಮೇಲಾಗಿ ನಿಲ್ಲುತ್ತವೆ. ಪ್ಲೇನ್ ಟೈಗರ್‌ನಂಥವು ತಲೆಕೆಳಗಾಗಿ ತೂಗುತ್ತವೆ. ಒಂದು ದಿನದಲ್ಲಿ ಪೊರೆ ಕೊನೆಯ ಬಾರಿ ಬಿರಿದು ಒಳಗಿನ ಕೋಶ ಹೊರಗೆ ಕಾಣುತ್ತದೆ. ಆಗ ಅದು ಬೆಣ್ಣೆಯಷ್ಟು ಮೃದು.

ಹುಳುವಿನ ವೈರಿಗಳು

ಇರುವೆಗಳನ್ನು ತಡೆಯಲು ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಹಲ್ಲಿ, ಜೇಡ, ಮಿಡತೆಯಂತೆ ಕಾಣುವ ಸೂರ್ಯನ ಕುದುರೆ ಇವನ್ನು ಪ್ರತಿದಿನ ಹುಡುಕಿ ಹೊರಗೆ ಬಿಡಿ. ಇವು ಕಣ್ಣಿಗೆ ಕಾಣುವ ವೈರಿಗಳು, ಇವುಗಳ ನಷ್ಟ ಸಣ್ಣದು.

ಕಾಣದ ವೈರಿಗಳದೇ ದೊಡ್ಡ ಹೊಡೆತ. ರೇಷ್ಮೆ ಹುಳುವಿಗೆ ಊಜಿ ನೊಣ ಹೇಗೋ ಹಾಗೆ ಚಿಟ್ಟೆಯ ಹುಳುವಿಗೂ ಅದೇ ಕುಲದ ನೊಣಗಳಿವೆ. ಅವು ಹುಳುವಿನ ಮೇಲೆ ಮೊಟ್ಟೆಯಿಟ್ಟರೆ ಮರಿ ಒಳಗೆ ಹೊಕ್ಕು ತಿನ್ನುತ್ತದೆ, ಕೋಶ ಸರಿಯಾಗಿಯೇ ಆದಂತೆ ಕಂಡು, ಕೆಲವು ದಿನಗಳ ಮೇಲೆ ಅದರಿಂದ ಚಿಟ್ಟೆಯ ಬದಲು ಬಿಳಿಯ ಹುಳು ನೂಲಿನಂಥ ಎಳೆಯೊಂದಿಗೆ ಕೆಳಗೆ ಬೀಳುತ್ತದೆ. ಟೆರೊಮಾಲಸ್ ಎಂಬ ಪುಟ್ಟ ಕಣಜದ ಉಪಾಯ ಇನ್ನೂ ಸೂಕ್ಷ್ಮ. ಕೋಶವಾಗಲಿರುವ ಹುಳುವಿನ ಪಕ್ಕ ಅದು ಕಾದು ಕೂತಿದ್ದು, ಪೊರೆ ಬಿರಿದು ಕೋಶ ಮೃದುವಾಗಿರುವ ಕೆಲವು ಗಂಟೆಗಳಲ್ಲಿ ಮೊಟ್ಟೆ ಚುಚ್ಚುತ್ತದೆ. ಆದ್ದರಿಂದ ಮೇವು ಬಿಟ್ಟ ಹುಳುಗಳನ್ನು ತೀರ ಒತ್ತಾದ ನೇಯ್ಗೆಯ ಬಟ್ಟೆಯ ಪೆಟ್ಟಿಗೆಗೆ ಆ ದಿನವೇ ಸಾಗಿಸಬೇಕು. ಬಲೆಮನೆಯ ಬಲೆ ಚಿಟ್ಟೆಯನ್ನು ತಡೆಯುತ್ತದೆ, ಈ ಕಣಜವನ್ನು ತಡೆಯುವುದಿಲ್ಲ.

ವೈರಸ್ ರೋಗ ಬಂದ ಹುಳು ಮೆತ್ತಗಾಗಿ, ಕಪ್ಪಾಗಿ, ಕೊಂಬೆಯಿಂದ ಜೋತುಬಿದ್ದು, ಮುಟ್ಟಿದರೆ ನೀರಾಗಿ ಒಡೆಯುತ್ತದೆ. ಅದಕ್ಕೆ ಔಷಧಿಯಿಲ್ಲ. ಆ ಡಬ್ಬಿಯ ಹುಳುಗಳನ್ನೆಲ್ಲ ಸುಟ್ಟು, ಡಬ್ಬಿ, ಕುಂಚ, ಕಡ್ಡಿಗಳನ್ನು ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ತೊಳೆದು, ಚೆನ್ನಾಗಿ ಜಾಲಾಡಿ, ಬಿಸಿಲಲ್ಲಿ ಒಣಗಿಸಬೇಕು. ಕೈ ತೊಳೆದ ಬಳಿಕ ಯಾವಾಗಲೂ ಸಣ್ಣ ಮರಿಗಳ ಕೆಲಸ ಮೊದಲು, ದೊಡ್ಡ ಹುಳುಗಳದ್ದು ಆಮೇಲೆ, ರೋಗದ ಅನುಮಾನವಿರುವ ಡಬ್ಬಿ ಕೊನೆಗೆ, ಈ ಕ್ರಮ ಮನೆಯ ಎಲ್ಲರಿಗೂ ರೂಢಿಯಾಗಲಿ.

ಆರನೆಯ ಹೆಜ್ಜೆ: ಕೋಶ ಬಿಡಿಸಿ ಕಳುಹಿಸುವುದು

ಕೋಶ ಗಟ್ಟಿಯಾಗಲು ಒಂದರಿಂದ ಎರಡು ದಿನ ಬಿಡಿ. ಬಿಡಿಸುವಾಗ ಕೋಶವನ್ನು ಹಿಡಿದು ಎಳೆಯಬಾರದು. ಬಾಲದ ತುದಿಯ ನೂಲಿನ ಗದ್ದುಗೆಗೆ ಒಂದು ಹನಿ ನೀರು ಮುಟ್ಟಿಸಿ, ಉಗುರಿನಿಂದ ಆ ನೂಲನ್ನೇ ಕಡ್ಡಿಯಿಂದ ಎಬ್ಬಿಸಿ, ಉಡಿದಾರವಿದ್ದರೆ ಸಣ್ಣ ಕತ್ತರಿಯಿಂದ ಕತ್ತರಿಸಿ. ನೂಲು ಕೋಶಕ್ಕೇ ಅಂಟಿಕೊಂಡು ಬಂದರೆ ಒಳ್ಳೆಯದು, ಕೊಳ್ಳುವವರು ಕೋಶವನ್ನು ತೂಗುಹಾಕಲು ಆ ನೂಲನ್ನೇ ಅಂಟಿಸುತ್ತಾರೆ.

ಆರಿಸುವಾಗ ಪ್ರತಿಯೊಂದನ್ನೂ ಅಂಗೈಯಲ್ಲಿಟ್ಟು ನೋಡಿ. ಆರೋಗ್ಯವಾದ ಕೋಶ ಗಾತ್ರಕ್ಕೆ ತಕ್ಕ ತೂಕವಿದ್ದು, ತಣ್ಣಗಿದ್ದು, ಮೆಲ್ಲಗೆ ಮುಟ್ಟಿದರೆ ಅನೇಕ ಜಾತಿಗಳಲ್ಲಿ ಹೊಟ್ಟೆಯನ್ನು ಅಲುಗಿಸುತ್ತದೆ. ಹಗುರವಾದದ್ದು, ತಗ್ಗು ಬಿದ್ದದ್ದು, ಕಪ್ಪು ಮಚ್ಚೆಯಾದದ್ದು, ಸೆಟೆದುಕೊಂಡದ್ದು ಪೆಟ್ಟಿಗೆಗೆ ಹೋಗಬಾರದು. ಹಿಂಜರಿಕೆಯಿದ್ದರೆ ಇಟ್ಟುಕೊಳ್ಳಿ. ಒಂದು ಕೋಶದಿಂದ ಹೊರಬಂದ ಕಣಜಗಳು ಪೆಟ್ಟಿಗೆಯಲ್ಲಿ ಕಂಡರೆ ಕೊಳ್ಳುವವರು ಆ ಸಂಘದ ಎಲ್ಲ ಮನೆಗಳನ್ನೂ ಅನುಮಾನಿಸುತ್ತಾರೆ.

ಇನ್ನು ದಿನಗಳ ಲೆಕ್ಕ. ಒಂದು ಜಾತಿಯ ಕೋಶ ಹನ್ನೆರಡು ದಿನಕ್ಕೆ ಒಡೆಯುತ್ತದೆ ಎಂದುಕೊಳ್ಳಿ. ಗಟ್ಟಿಯಾಗಲು ಎರಡು ದಿನ ಹೋಯಿತು. ಸಂಘಕ್ಕೆ ತಲುಪಿ, ಆರಿಸಿ, ಕಟ್ಟಿ, ಪತ್ರಗಳಾಗಿ ಹೊರಡಲು ಎರಡು ದಿನ. ದಾರಿಯಲ್ಲಿ ಮೂರು ನಾಲ್ಕು ದಿನ. ಕೊಳ್ಳುವವರ ಕೈಗೆ ಬರುವಾಗ ಉಳಿದದ್ದು ನಾಲ್ಕೈದು ದಿನಗಳಷ್ಟೇ. ವಾರಕ್ಕೊಮ್ಮೆ ಮಾತ್ರ ಸಂಗ್ರಹಿಸಿದರೆ ಕೆಲವು ಕೋಶಗಳು ದಾರಿಯಲ್ಲೇ ಒಡೆದು, ರೆಕ್ಕೆ ಬಿಚ್ಚಲು ಜಾಗವಿಲ್ಲದೆ ಚಿಟ್ಟೆ ಮುದುಡಿ ಸಾಯುತ್ತದೆ. ಆದ್ದರಿಂದ ವಾರಕ್ಕೆ ಎರಡು ಬಾರಿ ಸಂಗ್ರಹ, ಪ್ರತಿ ಕೋಶದ ಜೊತೆಗೆ ಅದು ಕೋಶವಾದ ದಿನಾಂಕ, ಇವೆರಡೂ ತಪ್ಪದಂತೆ ನೋಡಿಕೊಳ್ಳಬೇಕು.

ಗಟ್ಟಿ ಪೆಟ್ಟಿಗೆಯಲ್ಲಿ ಒಣ ಹತ್ತಿಯ ಒಂದು ಪದರ ಹಾಸಿ, ಕೋಶಗಳು ಒಂದಕ್ಕೊಂದು ತಾಗದಂತೆ ಸಾಲಾಗಿಟ್ಟು, ಮೇಲೆ ಇನ್ನೊಂದು ಪದರ ಹೊದಿಸಿ. ಪೆಟ್ಟಿಗೆ ಅಲುಗಿಸಿದರೆ ಒಳಗೆ ಸದ್ದಾಗಬಾರದು. ಹತ್ತಿಯನ್ನು ಒದ್ದೆ ಮಾಡಿದರೆ ಬೂಷ್ಟು ಹಿಡಿಯುತ್ತದೆ. ಬಿಸಿಲಲ್ಲಿ ನಿಂತ ವಾಹನದಲ್ಲಿ ಪೆಟ್ಟಿಗೆಯನ್ನು ಒಂದು ಗಂಟೆ ಬಿಡುವುದಕ್ಕಿಂತ ದೊಡ್ಡ ತಪ್ಪು ಈ ಹಂತದಲ್ಲಿ ಬೇರೊಂದಿಲ್ಲ. ಉಷ್ಣ ಪ್ರದೇಶದ ಕೋಶಗಳನ್ನು ಫ್ರಿಜ್ಜಿನಲ್ಲಿಡುವುದೂ ತಪ್ಪು.

ಕುಟುಂಬದ ದುಡಿಮೆ ಮತ್ತು ಹಣದ ಲೆಕ್ಕ

ಒಂದು ಬಲೆಮನೆಯ ಕೆಲಸ ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆಯಲ್ಲಿ ಮುಗಿಯುವಂಥದ್ದು, ಆದರೆ ಅದಕ್ಕೆ ಒಂದು ದಿನವೂ ರಜೆಯಿಲ್ಲ. ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಎಲ್ಲ ಕೆಲಸವೂ ತಿಳಿದಿರಬೇಕು. ಹೆಚ್ಚಿನ ಮನೆಗಳಲ್ಲಿ ಹುಳುಗಳ ಪಾಲನೆ ಹೆಂಗಸರ ಕೈಯಲ್ಲೇ ಇರುತ್ತದೆ, ಹಾಗಿದ್ದಾಗ ಸಂಘದ ಹಣವೂ ಅವರ ಹೆಸರಿನ ಖಾತೆಗೇ ಬರಲಿ. ದುಡಿದವರಿಗೆ ಹಣ ಕಾಣದ ಕಸುಬು ಎರಡನೆಯ ವರ್ಷಕ್ಕೆ ಬಾಡುತ್ತದೆ.

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ತಂಡದ ಮೊಟ್ಟೆ ಎಷ್ಟು, ಮರಿ ಎಷ್ಟು, ಕೋಶ ಎಷ್ಟು, ಸಂಘ ಒಪ್ಪಿದ್ದು ಎಷ್ಟು ಎಂಬ ನಾಲ್ಕು ಅಂಕಿಗಳನ್ನು ಬರೆಯಿರಿ. ಮೊಟ್ಟೆಯಿಂದ ಮರಿಗೆ ನಷ್ಟ ಹೆಚ್ಚಿದ್ದರೆ ತಾಯಿ ಚಿಟ್ಟೆ ಅಥವಾ ಕಣಜದ ಕಡೆ ನೋಡಿ, ಮರಿಯಿಂದ ಕೋಶಕ್ಕೆ ಹೆಚ್ಚಿದ್ದರೆ ಮೇವು ಮತ್ತು ಶುಚಿಯ ಕಡೆ, ಒಪ್ಪದೆ ಮರಳಿದ್ದು ಹೆಚ್ಚಿದ್ದರೆ ಕೋಶ ಮೃದುವಾಗಿರುವ ಆ ಕೆಲವು ಗಂಟೆಗಳ ಕಡೆ.

ಇದೊಂದನ್ನೇ ನಂಬಿ ಹೊಲ ಬಿಡಬೇಡಿ. ಟಾಂಜಾನಿಯಾದ ಪೂರ್ವ ಉಸಂಬಾರಾ ಬೆಟ್ಟಗಳಲ್ಲಿ ಅಮಾನಿ ಎಂಬಲ್ಲಿಯ ರೈತರು ಚಿಟ್ಟೆ ಕೋಶಗಳನ್ನು ರಫ್ತು ಮಾಡುತ್ತ ಬಂದಿದ್ದರು. 2016ರಲ್ಲಿ ಆ ದೇಶದ ಸರ್ಕಾರ ಜೀವಂತ ವನ್ಯಜೀವಿಗಳ ರಫ್ತನ್ನು ನಿಷೇಧಿಸಿದಾಗ ಚಿಟ್ಟೆಗಳೂ ಆ ನಿಷೇಧಕ್ಕೆ ಸಿಕ್ಕಿ, ರೈತರ ಆದಾಯ ಅವರ ತಪ್ಪಿಲ್ಲದೆಯೇ ನಿಂತುಹೋಯಿತು. 2020ರಲ್ಲಿ ಕೊರೊನಾದಿಂದಾಗಿ ಉದ್ಯಾನಗಳು ಬಾಗಿಲು ಮುಚ್ಚಿದಾಗ ಕೋಶ ಕೊಳ್ಳುವವರೇ ಇಲ್ಲವಾದರು. ಕಿಪೆಪಿಯೊ ಯೋಜನೆ ಕೋಶಗಳ ಜೊತೆಗೆ ಜೇನನ್ನೂ ಮಾರುವುದು ನಮಗೆ ಒಳ್ಳೆಯ ಮಾದರಿ: ಹೂವು ಇದ್ದಲ್ಲಿ ಜೇನುಪೆಟ್ಟಿಗೆ ಇಡಬಹುದು, ಮೇವಿನ ಗಿಡಗಳ ಸಸಿಗಳನ್ನು ಮಾಡಿ ಮಾರಬಹುದು, ಶಾಲೆಯ ಮಕ್ಕಳನ್ನು ಕರೆದು ಬಲೆಮನೆ ತೋರಿಸಬಹುದು.

ಮಾರಾಟವಾಗದೆ ಉಳಿದ ಕೋಶಗಳ ಪ್ರಶ್ನೆ ಪ್ರತಿ ಮನೆಗೂ ಬರುತ್ತದೆ. ಅವು ನಿಮ್ಮದೇ ಸುತ್ತಲಿನ ಕಾಡಿನ ತಾಯಿ ಚಿಟ್ಟೆಗಳಿಂದ ಬಂದವಾಗಿದ್ದು, ರೋಗವಿಲ್ಲದ ತಂಡವಾಗಿದ್ದರೆ ಬಲೆಮನೆಯಲ್ಲಿಯೇ ಒಡೆಯಲು ಬಿಡಿ. ಹೊರಬಂದ ಚಿಟ್ಟೆ ಮೊದಲು ಮುದುಡಿದ ರೆಕ್ಕೆಗಳನ್ನು ತೂಗಿಬಿಟ್ಟು, ಅವು ಹರಡಿ ಒಣಗುವವರೆಗೆ ಒಂದೆರಡು ಗಂಟೆ ಹಾಗೆಯೇ ಕೂತಿರುತ್ತದೆ, ಆಗ ಮುಟ್ಟಬಾರದು. ಮುಂದಿನ ತಂಡಕ್ಕೆ ಬೇಕಾದಷ್ಟು ಹೆಣ್ಣು ಗಂಡುಗಳನ್ನು ಉಳಿಸಿಕೊಂಡು, ಮಿಕ್ಕವನ್ನು ಬಿಸಿಲು ಏರಿದ ಮೇಲೆ, ತಾಯಿ ಚಿಟ್ಟೆಗಳನ್ನು ಹಿಡಿದ ಕಾಡಿನ ಅಂಚಿಗೇ ಒಯ್ದು ಬಿಡಿ, ಎಷ್ಟು ಬಿಟ್ಟಿರಿ ಎಂಬುದನ್ನು ಅದೇ ನೋಟ್‌ಬುಕ್ಕಿನಲ್ಲಿ ಐದನೆಯ ಅಂಕಿಯಾಗಿ ಬರೆದಿಡಿ.